ಹೆಂಟೆ ಒಡೆಸಿದ್ದು ಯಾರು?

...ಅಥವಾ ಭಾವನೇ ಮೊದಲು ನನ್ನ ಸಲಹೆ ಕೇಳಿದರೋ? "ಹೆಂಟೆಯೆಲ್ಲ ಒಡೆಸಿ, ಮಣ್ಣು ಹಿಟ್ಟಿನ ಹಾಗಿರಲಿ" ಎಂದವನು ನಾನೇ ಅಂತೆ. ಅದೂ ಊಟಕ್ಕೆ ಕೂತು ಮುದ್ದೆ ಮುರಿಯುತ್ತ. ಹಾಗೆನ್ನುವುದು ಅಕ್ಕ. ನನಗೆ ನೆನಪಿರುವುದು ಮುದ್ದೆ ಮಾತ್ರ. (ಅನುಕೂಲವಾದ ನೆನಪು, ಒಪ್ಪಿದೆ.)

ಭಾವನ ಹೊಲ ಹಳೇಕೋಟೆಯ ಹತ್ತಿರ, ದಿಣ್ಣೆಯ ಮೇಲೆ. ಕೆಂಪು ಮಣ್ಣು. ಅಲ್ಲಿಯವರು ರಾಗಿ ಬಿತ್ತುವಾಗ ನಿಂಬೆಹಣ್ಣಿನ ಗಾತ್ರದ ಹೆಂಟೆಗಳನ್ನು ಒಡೆಯದೆ ಬಿಡುತ್ತಾರೆ. ಸೋಮಾರಿತನ ಎಂದುಕೊಂಡಿದ್ದೆ. ನುಣ್ಣನೆಯ ಮಣ್ಣಿನಲ್ಲಿ ಬೀಜ ಚೆನ್ನಾಗಿ ಮೊಳೆಯುತ್ತದೆ ಎಂದು ಯಾವುದೋ ಪಾಂಪ್ಲೆಟ್‌ನಲ್ಲಿ ಓದಿದ್ದೆನಲ್ಲ! ಯಾವ ಊರಿನ ಮಣ್ಣು, ಯಾವ ಊರಿನ ಗಾಳಿ ಎಂದು ಓದಿದ್ದೆನೇ?

ಭಾವ ಹೆಂಟೆ ಪುಡಿ ಮಾಡಿಸಿದರು. ಬಿತ್ತಿದರು. ಮೇಲುಮಣ್ಣು ಒಣಗಿತು. ಮೂರನೆಯ ದಿನ ಆಷಾಢದ ಗಾಳಿ ಎದ್ದಿತು.

ಭಾನುವಾರ ನಾನು ಹೋದಾಗ ಹೊಲದ ಮೂಡಲ ಅಂಚಿನಲ್ಲಿ, ಕತ್ತಾಳೆ ಬೇಲಿಯ ಬುಡದಲ್ಲಿ, ಗೇಣೆತ್ತರ ಧೂಳು. ಅಕ್ಕ ಅದನ್ನು ಮೊರಕ್ಕೆ ತುಂಬಿ ಕೇರುತ್ತಿದ್ದಳು. ಧೂಳು ಹಾರಿ ಸಣ್ಣ ಸಣ್ಣ ಕಾಳು ಉಳಿಯಿತು. ರಾಗಿಯೋ, ಮರಳೋ? ಎರಡೂ ಕೆಂಪು. ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿ ಕಡಿದಳು.

"ಮಳ್ಳು," ಎಂದು ಉಗಿದಳು. ಇನ್ನೊಂದು ಚಿಟಿಕೆ. ಈ ಸಲ ಉಗಿಯಲಿಲ್ಲ.

"ರಾಗಿ ಕಣ್ಲಾ ತಮ್ಮ. ನೀನೂ ಕಡಿ ಬಾ, ಓದ್ದೋನಲ್ವಾ."

ಕಡಿದೆ. ಎರಡೂ ಇತ್ತು.

"ಎಂಟೆ ಇದ್ದಿದ್ರೆ ಗಾಳಿ ಎಡವ್ತಿತ್ತು," ಎಂದರು ಬದುವಿನ ಮೇಲೆ ಕೂತಿದ್ದ ಭಾವ. "ಓಗ್ಲಿ. ಬೀಜ ಎಷ್ಟು ಗಾಳೀಗೆ ಆರೋಗೈತೆ, ಎಷ್ಟು ಮಣ್ಣೊಳಗೈತೆ? ಅದೊಂದ್ ಏಳ್ಬುಡು ಭಾಮೈದ."

"ಮಣ್ಣು ಕೆದಕಿ ನೋಡಿದ್ರೆ?"

"ಕೆದಕ್ದೆ ಬುಟ್ಟಿವ್ನಾ? ಇಲ್ಲಿ ಮೊಳ್ಕೆ ಐತೆ. ಅಲ್ಲಿ ಒಂದು ಮಾರು ದೂರ್ದಲ್ಲಿ ಏನೂ ಇಲ್ಲ."

ಮನೆಯಲ್ಲಿ ಉಳಿದಿರುವ ಬಿತ್ತನೆ ರಾಗಿ ಒಂದೇ ಸಲಕ್ಕೆ ಆಗುವಷ್ಟು. ಈಗಲೇ ಮತ್ತೆ ಕೂರಿಗೆ ಹೊಡೆದು ಬಿತ್ತಿದರೆ ಇರುವ ಮೊಳಕೆಯೂ ಕಿತ್ತುಬರುತ್ತದೆ. ಕಾದರೆ ಅಡಿಯ ಹಸಿ ಆರುತ್ತದೆ. ಆಮೇಲೆ ಬಿತ್ತಿದ್ದೂ ದಂಡ. ಎರಡರಲ್ಲಿ ಯಾವುದು ತಪ್ಪಿದರೂ ವರ್ಷವಿಡೀ ಮುದ್ದೆಗೆ ರಾಗಿ ಇಲ್ಲ.

"ಇನ್ನೆರಡು ದಿನ ನೋಡಿ ಭಾವ," ಎಂದೆ. ಇದನ್ನು ಹೇಳಿದವನು ನಾನೇ, ಅನುಮಾನವಿಲ್ಲ. ಏಕೆ ಹೇಳಿದೆ? ಇಬ್ಬರೂ ನನ್ನ ಮುಖ ನೋಡುತ್ತಿದ್ದರು, ಅದಕ್ಕೆ.

"ಸದ್ಯ, ಉಣ್ಣೋವಾಗ ಏಳ್ಲಿಲ್ಲ," ಎಂದಳು ಅಕ್ಕ. ಮೊರ ಇನ್ನೂ ಆಡುತ್ತಲೇ ಇತ್ತು.

ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡಿಸುವ ಬಸ್ಸು ಹತ್ತಿ ಹಾಸನಕ್ಕೆ ಬಂದೆ. ಎರಡು ದಿನ ಹೋಗಿ ನಾಲ್ಕಾಯಿತು. ಇದನ್ನು ಬರೆಯುವಾಗಲೂ ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿದೆ. ಎದ್ದು ಅಗುಳಿ ಹಾಕಿದೆ. ಹಾಕಿ ಏನು ಬಂತು? ಅಲ್ಲಿ ಹೊಲಕ್ಕೆ ಅಗುಳಿ ಇದೆಯೇ?

ಭಾವ ಕಾದರೋ, ಕೂರಿಗೆ ಹೊಡೆದರೋ, ನನಗೆ ಗೊತ್ತಿಲ್ಲ.