ಒಣಮೀನಿನ ಸಂತೆಯಲ್ಲಿ ಕುಳಿತು ಬರೆದ ವೀರಭದ್ರಮ್ಮನವರು

ಆಫ್ರಿಕಾದ ದೇಶಗಳ ಆರ್ಥಿಕ ಬೆಳವಣಿಗೆಯನ್ನು ಕುರಿತು ನಮ್ಮಲ್ಲಿ ಬರೆದವರು ವಿರಳ. ಅಲ್ಲಿನ ಸಂತೆಯಲ್ಲಿ ಕುಳಿತು, ಮಾರುವವರನ್ನೇ ಕೇಳಿ ಬರೆದವರು ಇನ್ನೂ ವಿರಳ. ಅಂಥವರಲ್ಲಿ ಮೊದಲಿಗರಾದ, ಬಳ್ಳಾರಿಯ ಕಾಲೇಜಿನಿಂದ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ವೀರಭದ್ರಮ್ಮನವರ ಹೆಸರಿಗೆ ‘ಡಾಕ್ಟರ್’ ಎಂಬುದು ಸೇರಿಲ್ಲ. ಏಕೆಂಬುದನ್ನು ಈ ಶಾಲು, ಹಾರಗಳ ನಡುವೆ ಯಾರೂ ಹೇಳಲಾರರು. ಅವರ ಸಹೋದ್ಯೋಗಿಯಾದ ನಾನಾದರೂ ಹೇಳಬೇಕು.

ಕುರುಗೋಡಿನ ಹತ್ತಿ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದ ಅವರು ೧೯೬೬ರಲ್ಲಿ ಅಧ್ಯಾಪಕಿಯಾಗಿ ಟಾಂಜಾನಿಯಾಕ್ಕೆ ತೆರಳಿದರು. ಮೀನು ಮುಟ್ಟದ ಮನೆತನದ ಈ ಹೆಣ್ಣುಮಗಳು ಸ್ವಾಹಿಲಿ ಕಲಿತು, ವಿಕ್ಟೋರಿಯಾ ಸರೋವರದ ದಂಡೆಯ ಪಟ್ಟಣವೊಂದರಲ್ಲಿ ಒಣಮೀನು ಮಾರುವ ಹೆಂಗಸರ ಪಕ್ಕದಲ್ಲಿ ರಜೆಗಳನ್ನೆಲ್ಲ ಕಳೆದರು. ಆ ವ್ಯಾಪಾರದಿಂದಲೇ ಬುಟ್ಟಿ ಹೆಣೆಯುವವರಿಗೆ, ದೋಣಿ ಕಟ್ಟುವವರಿಗೆ ಕೆಲಸ ಹುಟ್ಟುವುದನ್ನು ಕಂಡರು. ಊರು ಚೆಂದ ಕಾಣಲೆಂದು ಅಧಿಕಾರಿಗಳು ಸಂತೆಯನ್ನು ಕಿತ್ತುಹಾಕಿದಾಗ, ಅವರೆಲ್ಲರ ಕೆಲಸ ನಿಂತುಹೋದುದನ್ನೂ ಕಂಡರು.

ಮರಳಿ ಬಂದು ಬಳ್ಳಾರಿಯ ಕಾಲೇಜು ಸೇರಿ, ಇದನ್ನೇ ಪ್ರಬಂಧವಾಗಿ ಬರೆದು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಪರೀಕ್ಷಕರು, “ಮೀನು ಮಾರುವವರ ಮಾತು ಅರ್ಥಶಾಸ್ತ್ರವಲ್ಲ. ಆ ಅಧ್ಯಾಯ ತೆಗೆದರೆ ಪದವಿ ಕೊಡಬಹುದು” ಎಂದರು.

“ಅದನ್ನ ತೆಗೆದ್ರ ಉಳಿಯೋದೇನೈತ್ರಿ ಸರ್? ನಾ ತೆಗ್ಯಾಂಗಿಲ್ಲ” ಎಂದು ಹೇಳಿ ಅಮ್ಮನವರು ಎದ್ದುಬಂದರು. ಪದವಿ ಇಲ್ಲವೆಂದು ಬಡ್ತಿಯೂ ತಪ್ಪಿತು. ಅವರ ಕೈಯಲ್ಲಿ ಕಲಿತವರು ಅವರ ಮೇಲಧಿಕಾರಿಗಳಾದರು.

ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ೧೯೭೯ರಲ್ಲಿ ಬಳ್ಳಾರಿಯ ವಿಚಾರಸಂಕಿರಣವೊಂದಕ್ಕೆ ಅದೇ ಪರೀಕ್ಷಕರು ಬಂದು, ಆಫ್ರಿಕಾದ ಸಣ್ಣ ವ್ಯಾಪಾರವನ್ನು ಕುರಿತು ಉಪನ್ಯಾಸ ಕೊಟ್ಟರು. ಅದೇ ಒಣಮೀನಿನ ಸಂತೆ, ಅದೇ ಬುಟ್ಟಿಯವರು, ಅದೇ ತೀರ್ಮಾನ. ಬರೆದವರ ಹೆಸರು ಮಾತ್ರ ಇಲ್ಲ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಿಂದ ವೀರಭದ್ರಮ್ಮನವರು ಎದ್ದು, ಮೆಲ್ಲಗೆ ಕೇಳಿದರು:

“ಸರ್, ತಾವು ಆ ಊರಿಗೆ ಯಾವಾಗ ಹೋಗಿದ್ರಿ?”

ಪರೀಕ್ಷಕರು ಹೋಗಿರಲೇ ಇಲ್ಲ. ಹಾಳೆಗಳನ್ನು ಜೋಡಿಸಿಕೊಳ್ಳುತ್ತ ನಿಂತರು. ಅಧ್ಯಕ್ಷರು ಚಹಾಕ್ಕೆ ವಿರಾಮ ಘೋಷಿಸಿದರು. ಆ ದಿನ ಅಮ್ಮನವರ ಬೆನ್ನಿಗೆ ನಿಂತ ವಿದ್ವಾಂಸರೊಬ್ಬರೂ ಇರಲಿಲ್ಲ. ಅಂದು ತಲೆ ತಗ್ಗಿಸಿದವರಲ್ಲಿ ಹಲವರ ಪ್ರಶಂಸೆ ಇದೇ ಅಭಿನಂದನ ಸಂಪುಟದಲ್ಲಿ ಅಚ್ಚಾಗಿದೆ. ಇದು ನಾಚಿಕೆಗೇಡು. ಸಂಪಾದಕರು ಈ ಸಾಲನ್ನು ಹೊಡೆದುಹಾಕಬಾರದೆಂದು ಪ್ರಾರ್ಥನೆ.

ಅಮ್ಮನವರು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಈಗ ಅವರು ಸಿರುಗುಪ್ಪದ ಸಂತೆಯಲ್ಲಿ ಕೂರುತ್ತಾರೆ. ಹೋದ ತಿಂಗಳು ನಾನೂ ಜತೆಗಿದ್ದೆ. ಬಳೆ ಮಾರುವ ಸುಂಕಮ್ಮ ಕೇಳಿದಳು: “ಇಷ್ಟು ಕೇಳಿ ಬರಕಂತೀರಲ್ರೀ ಅಕ್ಕಾರ, ಏನ್ ಮಾಡ್ತೀರಿ ಇದನ್ನ?”

“ಪುಸ್ತಕ ಮಾಡ್ತೀನಿ. ಹೇಳಿದಾಕಿ ಸುಂಕಮ್ಮ ಅಂತ ನಿನ್ನ ಹೆಸರು ಹಾಕ್ತೀನಿ.”

ಆ ಪುಸ್ತಕ ಅವರ ಕೈಯಿಂದಲೇ, ಅವರ ಹೆಸರಿನಲ್ಲಿಯೇ ಹೊರಬರಲಿ. ಅದರ ಮೇಲೆ ಇನ್ನೂ ಹತ್ತಾರು ಬರೆಯುವಷ್ಟು ಆಯುಸ್ಸು, ಕಣ್ಣಿನ ಬೆಳಕು, ಮತ್ತು ಆ ದಿನ ಎದ್ದುನಿಂತು ಕೇಳಿದ ದನಿ ಅವರಿಗಿರಲಿ.