ಏಳನೆಯ ಭಾಗದ ಕೆಂಡಪ್ಪ

ಕೆಟ್ಟ ಪುಸ್ತಕದ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಪುಟ ಓದಿ, ಇದು ನಮ್ಮ ಪೈಕಿ ಅಲ್ಲ ಎಂದು ಕೆಳಗಿಟ್ಟರೆ ಮುಗಿಯಿತು. ನಾನು ಹೆದರುವುದು ಒಳ್ಳೆಯ ಮಾಲೆಯ ಕೆಟ್ಟ ಭಾಗಕ್ಕೆ. ಅದು ಬೀಗರ ಮನೆಯ ಊಟವಿದ್ದಂತೆ. ಉಪ್ಪು ಹೆಚ್ಚಾಯಿತೆಂದು ಎಲೆ ಬಿಟ್ಟು ಏಳುವ ಹಾಗಿಲ್ಲ, ಮತ್ತೆ ಬಡಿಸಲು ಬಂದರೆ ಬೇಡವೆನ್ನುವ ಹಾಗೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ದೇವದುರ್ಗದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಆಗ ‘ಹಬೆನಗರಿ’ ಎಂಬ ಕಾದಂಬರಿ ಮಾಲೆ ನನ್ನನ್ನು ಹಿಡಿದುಕೊಂಡಿತ್ತು. ಹಿಮದ ಬೆಟ್ಟಗಳ ನಡುವೆ ಒಂದು ರಾಜ್ಯ. ಅಲ್ಲಿ ರಥ, ಗಡಿಯಾರ, ಅರಮನೆಯ ಬಾಗಿಲು ಎಲ್ಲ ನಡೆಯುವುದು ಹಬೆಯಿಂದ. ರಾಜಕುಮಾರ ಹಾರಾಡುವುದು ಕಬ್ಬಿಣದ ಹಕ್ಕಿಯೊಂದರಲ್ಲಿ. ಹಕ್ಕಿಯ ಹೊಟ್ಟೆಯಲ್ಲಿ ಬಾಯ್ಲರು, ಬಾಯ್ಲರಿನ ಮುಂದೆ ಸಲಿಕೆ ಹಿಡಿದ ಮುದುಕ ಕೆಂಡಪ್ಪ. ಇಂಥ ಕತೆಗಳಿಗೆ ಈಗ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿದೆಯಂತೆ. ನಮಗೆ ಹೆಸರಿನ ಹಂಗಿರಲಿಲ್ಲ. ಮಕ್ಕಳಿಗೆ ಕುದಿಯುವ ಚಂಬು ತೋರಿಸಿ ಹಬೆಯ ಪಾಠ ಮುಗಿಸುತ್ತಿದ್ದ ನಾನು, ಸ್ಟಾಫ್ ರೂಮಿನಲ್ಲಿ ಈ ಪುಸ್ತಕಕ್ಕೆ ಖಾಕಿ ಹೊದಿಕೆ ಹಾಕಿ, ಮೇಲೆ ‘ಭೌತಶಾಸ್ತ್ರ’ ಎಂದು ಬರೆದು ಓದುತ್ತಿದ್ದೆ. ಪೂರ್ತಿ ಸುಳ್ಳೇನಲ್ಲ ಬಿಡಿ.

ಲಾಲಸಾಬ ಚಾಚಾ ನನಗೆ ಸಿಕ್ಕಿದ್ದು ಈ ಪುಸ್ತಕದಿಂದಲೇ. ಬಜಾರಿನಲ್ಲಿ ಅವರದು ಸೀಮೆಎಣ್ಣೆ ಸ್ಟೋ ರಿಪೇರಿ ಅಂಗಡಿ. ಒಂದು ಸಂಜೆ ನನ್ನ ಸ್ಟೋ ಬಿಚ್ಚುತ್ತ, ನಾನು ಓದುತ್ತಿದ್ದ ಪುಸ್ತಕದೊಳಗಿನ ಚಿತ್ರದ ಕಡೆ ಕತ್ತು ಚಾಚಿ ಕೇಳಿದರು.

“ಮಾಸ್ತರ, ಆ ಹಕ್ಕಿ ಹೊಟ್ಟ್ಯಾಗ ಬಾಯ್ಲರ್ ಅದ ಏನ್ರಿ?”

ಅವರು ಮೊದಲು ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವರು. ನಿಜಾಮನ ಕಾಲದಲ್ಲಿ ಉರ್ದು ಶಾಲೆಗೆ ಹೋದವರು. ಕನ್ನಡವನ್ನು ನನಗಿಂತ ಚಂದ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವರ ಅಂಗಡಿಯ ಡಬ್ಬದ ಮೇಲೆ ಕೂತು ನಾನು ಓದುವುದು, ಅವರು ಬರ್ನರಿನ ತೂತಿಗೆ ಪಿನ್ನು ಆಡಿಸುತ್ತ ಕೇಳುವುದು ಎಂದಾಯಿತು. ಕೇಳುವುದು ಎಂದೆನೇ? ತಿದ್ದುವುದು ಎನ್ನಬೇಕು. ಕೆಂಡಪ್ಪ ಒಮ್ಮೆಲೆ ಹತ್ತು ಬುಟ್ಟಿ ಕಲ್ಲಿದ್ದಲು ಸುರಿದನೆಂದು ಓದಿದರೆ, “ಹಂಗ ಸುರುವಿದ್ರ ಬೆಂಕಿ ಸತ್ತ ಹೋಗತದ. ಬರದಾಂವ ಒಲಿ ಮುಂದ ಕುಂತಾಂವಲ್ಲ ಬಿಡ್ರಿ” ಎನ್ನುವರು. ಆದರೂ ಕೆಂಡಪ್ಪನೆಂದರೆ ಅವರಿಗೆ ಜೀವ. “ನಮ್ಮಾಂವ ಎಲ್ಲಿಗೆ ಬಂದ್ರಿ?” ಎಂದೇ ದಿನದ ಓದು ಶುರುವಾಗುತ್ತಿತ್ತು. ರಾಜಕುಮಾರ ಎಲ್ಲಿಗೆ ಬಂದರೂ ಅವರಿಗೆ ಚಿಂತೆಯಿರಲಿಲ್ಲ.

ತಾವು ಮಿಲ್ಲು ಬಿಟ್ಟ ಕತೆಯನ್ನೂ ಅವರು ಹೀಗೆ ನಡುನಡುವೆಯೇ ಹೇಳಿದ್ದರು. ಬಾವಿಯದು ಸವುಳು ನೀರು, ಸುಣ್ಣ ಕಟ್ಟುತ್ತಿತ್ತು. ಬಾಯ್ಲರಿನ ನೀರು ತೋರಿಸುವ ಗಾಜಿನ ಕೊಳವೆ ಕಟ್ಟಿಕೊಂಡರೆ ಒಳಗಿಲ್ಲದ ನೀರು ಗಾಜಿನಲ್ಲಿ ಕಾಣುತ್ತದಂತೆ. ಒಂದು ದಿನ ಮಿಲ್ಲು ನಿಲ್ಲಿಸಿ, ಕೆರೆದು ತೊಳೆಯೋಣವೆಂದು ಚಾಚಾ ಮಾಲಕರಿಗೆ ಮೂರು ಸಲ ಹೇಳಿದ್ದರು. ಹತ್ತಿಯ ಹಂಗಾಮು, ಯಾರು ಕೇಳುತ್ತಾರೆ? ಒಂದು ಮಧ್ಯಾಹ್ನ ನೀರು ಬತ್ತಿದ ಬಾಯ್ಲರು ಸಿಡಿದು ಒಬ್ಬನ ಕೈ ಬೆಂದಿತು. ಲಾಲಸಾಬ ನಿದ್ದೆ ಹೋಗಿದ್ದ ಎಂದು ಮಾಲಕರು ಕೆಲಸದಿಂದ ತೆಗೆದರು. ಇಷ್ಟನ್ನೂ ಚಾಚಾ ಯಾರದೋ ಸುದ್ದಿಯೆಂಬಂತೆ ಹೇಳಿ, ನನ್ನ ಸ್ಟೋಗೆ ವಾಶರು ಹಾಕಿದರು.

ಏಳನೆಯ ಭಾಗ ನನಗೆ ಸಿಕ್ಕಿದ್ದು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸಿನಲ್ಲಿ ಬಿಡಿಸಿದೆ. ಗಬ್ಬೂರು ಬರುವಷ್ಟರಲ್ಲಿ ರಾಜಕುಮಾರನ ಕರಿ ಕುದುರೆ ಬಿಳಿಯದಾಗಿತ್ತು. ಆರು ಭಾಗಗಳಲ್ಲಿ ಇಲ್ಲದ ಋಷಿಯೊಬ್ಬ ಗುಹೆಯಿಂದೆದ್ದು ಬಂದು ವರ ಕೊಡತೊಡಗಿದ್ದ. ವರ ಸಿಗುವ ರಾಜ್ಯದಲ್ಲಿ ಹಬೆ ಯಾರಿಗೆ ಬೇಕು? ಅದನ್ನೆಲ್ಲ ನುಂಗಿಕೊಂಡೆ. ದೇವದುರ್ಗ ಇನ್ನೇನು ಬಂತು ಎನ್ನುವಾಗ ಕೆಂಡಪ್ಪ ಬಾಯ್ಲರಿನ ಮುಂದೆ ನಿದ್ದೆ ಹೋದ. ಬಾಯ್ಲರು ಸಿಡಿಯಿತು, ಹಕ್ಕಿ ಬಿತ್ತು. ರಾಜಕುಮಾರ ಅವನಿಗೆ ನಾಲ್ಕು ಸಾಲು ಬೈದು ರಾಜ್ಯದಿಂದ ಹೊರಗೆ ಹಾಕಿದ. ಪುಟ ತಿರುಗಿಸಿದರೆ ರಾಜಕುಮಾರನ ಮದುವೆ.

ನನ್ನ ನಿರಾಸೆ ಹಾಗಿರಲಿ, ಇದನ್ನು ಚಾಚಾನಿಗೆ ಓದುವುದು ಹೇಗೆ? ಮಾಲಕರು ಆಡಿದ ಮಾತನ್ನೇ ನಾನು ಹೋಗಿ, ಅವರ ಅಂಗಡಿಯಲ್ಲೇ ಕೂತು, ಮತ್ತೆ ಅವರ ಮುಖಕ್ಕೆ ಹೇಳಿದಂತಾಗುತ್ತಿತ್ತು.

ಹಳೆಯ ಕಾಲದ ಪುರಾಣ ಹೇಳುವವರಿಗೆ ಈ ಪೇಚು ಇರಲಿಲ್ಲ. ಕೇಳುವವರು ಎದುರಿಗೇ ಕೂತಿರುತ್ತಿದ್ದರು. ಒಬ್ಬ ಆಕಳಿಸಿದರೆ ಯುದ್ಧ ತರುತ್ತಿದ್ದರು, ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರೆ ಸಾಯಬೇಕಾದವನು ಇನ್ನೊಂದು ಗಳಿಗೆ ಬದುಕುತ್ತಿದ್ದ. ಪುಸ್ತಕ ಬರೆಯುವವನಿಗೆ ಆ ಪುಣ್ಯವಿಲ್ಲ. ಅವನು ಎಲ್ಲೋ ಕೂತು ಆತುರಕ್ಕೆ ನಾಲ್ಕು ಸಾಲು ಗೀಚುತ್ತಾನೆ, ಅದು ದೇವದುರ್ಗದ ಸ್ಟೋ ಅಂಗಡಿಗೆ ಬಂದು ಯಾರ ಎದೆಗೆ ತಾಗುತ್ತದೆಂದು ಅವನಿಗೇನು ಗೊತ್ತು? ಹೀಗೆಲ್ಲ ಯೋಚಿಸುವುದು ಸುಲಭ. ಮರುದಿನ ಆದಿತ್ಯವಾರ, ಚಾಚಾನ ಕಣ್ಣು ತಪ್ಪಿಸಿ ಮಾನ್ವಿಗೆ, ನಮ್ಮ ಮನೆಗೆ ಓಡಿದೆ. ಅವ್ವನಿಗೆ ಎಲ್ಲ ಹೇಳಿದೆ. ಅವಳು ಜೋಳ ಹಸನು ಮಾಡುತ್ತ ತಲೆಯೆತ್ತದೆ ಹೇಳಿದಳು:

“ಇದ್ದದ್ದು ಓದು. ಇಲ್ಲಾಂದ್ರ ಪುಸ್ತಕ ಮುಚ್ಚಿಟ್ಟು ನಿನ್ನ ಕತಿ ಹೇಳು. ಎರಡೂ ಕೂಡಸಬ್ಯಾಡ, ಸಿಗಬೀಳ್ತಿ.”

ನಾನು ಎರಡೂ ಕೂಡಿಸಿದೆ.

ಸೋಮವಾರ ಸಂಜೆ ಪುಸ್ತಕ ಬಿಡಿಸಿ, ಕಣ್ಣನ್ನು ಸಾಲಿನ ಮೇಲೆಯೇ ಇಟ್ಟು, ಇಲ್ಲದ್ದನ್ನು ಓದಿದೆ. ನನ್ನ ಕೆಂಡಪ್ಪ ಸಿಡಿದ ಬಾಯ್ಲರಿನ ಪಕ್ಕದಲ್ಲಿ ನೆಟ್ಟಗೆ ನಿಂತು ಹೇಳಿದ: “ಪ್ರಭೂ, ನಾನು ಮಲಗಿರಲಿಲ್ಲ. ಸವುಳು ನೀರಿನಿಂದ ಗಾಜಿನ ಕೊಳವೆ ಕಟ್ಟಿತ್ತು. ಕಂಡ ನೀರು ಒಳಗಿರಲಿಲ್ಲ. ನಿಮ್ಮ ಮಂತ್ರಿಗೆ ಮೂರು ಸಲ ಹೇಳಿದ್ದೆ.” ರಾಜಕುಮಾರ ಕಣ್ಣು ತುಂಬಿಕೊಂಡು ಕೆಂಡಪ್ಪನ ಎರಡೂ ಕೈ ಹಿಡಿದುಕೊಂಡ. ಬರೆದವನಿಗಿಂತ ನಾನೇ ವಾಸಿ ಎನ್ನಿಸಿ ಒಳಗೊಳಗೇ ಬೀಗಿದೆ.

ಚಾಚಾನ ಪಿನ್ನು ನಿಂತಿತ್ತು.

“ಮಾಸ್ತರ, ಈ ಹಬೆನಗರಿಗೆ ನೀರು ಎಲ್ಲಿಂದ ಬರತದ?”

“ಹಿಮದ ಬೆಟ್ಟದ ಹೊಳಿಯಿಂದ, ಚಾಚಾ.”

“ಹಿಮ ಕರಗಿದ ನೀರಿನ್ಯಾಗ ಸವುಳು ಎಲ್ಲಿಂದ ಬಂತ್ರಿ? ಅದು ನಮ್ಮ ಮಿಲ್ ಬಾವಿದು.”

ವಿಜ್ಞಾನದ ಮಾಸ್ತರ! ಎಲ್ಲಿ ಮುಖ ಇಟ್ಟುಕೊಳ್ಳಲಿ?

“ಬರದದ್ದು ಓದ್ರಿ,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಓದಿದೆ. ನಾಲ್ಕೇ ಸಾಲು, ಮುಗಿಯಲು ಬಹಳ ಹೊತ್ತು ಹಿಡಿಯಿತು. ಅವರು ಕೈಯಲ್ಲಿದ್ದ ಬರ್ನರನ್ನು ಅರಿವೆಯಿಂದ ಒರೆಸಿದರು. ಆಮೇಲೆ ಕೇಳಿದರು:

“ಅದಕ್ಕ ನಮ್ಮಾಂವ ಏನಂದ?”

“ಏನೂ ಅಂದಿಲ್ಲ ಚಾಚಾ. ಬರದಾಂವ ಅವಗ ಮಾತೇ ಕೊಟ್ಟಿಲ್ಲ.”

“ನನಗೂ ಯಾರೂ ಕೇಳಲಿಲ್ಲ ನೋಡ್ರಿ,” ಎಂದರು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ನನ್ನ ಮುಖ ನೋಡಿ ಅವರೇ ನಕ್ಕರು. “ನಿಮ್ಮ ಕತಿ ಚಲೋ ಇತ್ತು ಮಾಸ್ತರ. ಆದ್ರ ಮಾಲಕರು ಬಂದು ಕೈ ಹಿಡಕೊಂತಾರ ಏನ್ರಿ? ಸವುಳು ನೀರು ಹಂಗಿರಲಿ. ನನಗ ಆ ಕೈ ಹಿಡದಾಗನ ಸಂಶೇ ಬಂತು.”

ಅದಾದ ಮೇಲೆ ಓದು ನಿಂತಿತು. ನಾನು ಹೋದರೆ ಚಾಚಾ ಚಹಾ ತರಿಸುತ್ತಿದ್ದರು. ಬಿಸಿಲು, ಸೀಮೆಎಣ್ಣೆ, ನನ್ನ ಹಾಳು ಸ್ಟೋ ಎಲ್ಲದರ ಮಾತಾಗುತ್ತಿತ್ತು. “ನಮ್ಮಾಂವ ಎಲ್ಲಿಗೆ ಬಂದ್ರಿ?” ಎಂಬ ಮಾತು ಮಾತ್ರ ಬರುತ್ತಿರಲಿಲ್ಲ. ಆ ಮಾತಿಗಾಗಿ ನಾನು ಎಷ್ಟು ಕಾಯುತ್ತಿದ್ದೆನೆಂದು ನನಗೇ ಆಗ ತಿಳಿದದ್ದು.

ವರ್ಷದ ಮೇಲೆ ಅದೇ ಬಸ್ ಸ್ಟ್ಯಾಂಡಿಗೆ ಎಂಟನೆಯ ಭಾಗ ಬಂತು. ತೆಗೆದುಕೊಳ್ಳಬಾರದು ಎಂದುಕೊಳ್ಳುತ್ತಲೇ ತೆಗೆದುಕೊಂಡೆ. ಬಸ್ಸು ಹೊರಡುವ ಮೊದಲೇ ಬಿಡಿಸಿದೆ, ಮೂರನೆಯ ಪುಟಕ್ಕೇ ಕಣ್ಣುಜ್ಜಿಕೊಂಡೆ. ಕೆಂಡಪ್ಪ ಹಕ್ಕಿಯ ಹೊಟ್ಟೆಯಲ್ಲಿ ಕೂತು ಸಲಿಕೆ ಆಡಿಸುತ್ತಿದ್ದಾನೆ! ಅವನನ್ನು ಹೊರಗೆ ಹಾಕಿದ್ದು, ಹಕ್ಕಿ ಬಿದ್ದದ್ದು, ಋಷಿ, ವರ ಯಾವುದರ ಸುಳಿವೂ ಇಲ್ಲ. ಬರೆದವನು ಪೂರ್ತಿ ಮರೆತುಬಿಟ್ಟಿದ್ದ. ಮಾಲೆಯೊಂದರಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇರಲಾರದು. ನಾನು ದೇವದುರ್ಗದಲ್ಲಿ ಇಳಿದವನೇ ಸೀದಾ ಬಜಾರಿಗೆ ನಡೆದು, ಚಾಚಾ ಬೇಡವೆನ್ನುವ ಮೊದಲೇ ಆ ಪುಟ ಓದಿದೆ.

ಅವರು ಸ್ಟೋ ಪಕ್ಕಕ್ಕೆ ಸರಿಸಿದರು.

“ಇದು ನಿಮ್ದೋ, ಅವಂದೋ?”

“ಅವಂದ, ಚಾಚಾ. ಅವ್ವನ ಆಣಿ.”

“ಎಲ್ಲಿ ಅದ, ತೋರಸ್ರಿ.”

ಅವರ ಬೆರಳು ಹಿಡಿದು ಕೆಂಡಪ್ಪನ ಹೆಸರಿನ ಮೇಲಿಟ್ಟೆ. ಬೆರಳು ಆ ಮೂರು ಅಕ್ಷರಗಳ ಮೇಲೆ, ಉರ್ದು ಓದುವವರ ರೂಢಿಯಂತೆ, ಬಲದಿಂದ ಎಡಕ್ಕೆ ಮೆಲ್ಲಗೆ ಸರಿಯಿತು. ಕಾಗದಕ್ಕೆ ಎಣ್ಣೆಯ ಗೆರೆ ಬಿತ್ತು.

“ತಿರುಗಿ ಡ್ಯೂಟಿಗೆ ತಗೊಂಡಾರ,” ಎಂದರು.

ಇದು ಬರೆದವನ ಮರೆವು, ಯಾರೂ ಯಾರನ್ನೂ ಕರೆದಿಲ್ಲ ಎಂದು ತಿಳಿಸಿ ಹೇಳುವುದು ವಿಜ್ಞಾನದ ಮಾಸ್ತರನ ಕರ್ತವ್ಯವಾಗಿತ್ತು.

“ಹೂಂ ಚಾಚಾ, ತಗೊಂಡಾರ,” ಎಂದೆ.

“ಮತ್ಯಾಕ ಸುಮ್ನ ಕುಂತೀರಿ? ಮುಂದ ಓದ್ರಿ. ಪಾಳಿ ಸುರು ಆಗ್ಯಾದ.”