ಗಿಡ್ಡಪ್ಪನನ್ನು ಬಿಕ್ಕೋಡಿಗೆ ಕೊಟ್ಟ ವರ್ಷ

ಅರಸೀಕೆರೆ ರೈಲು ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಹನುಮಯ್ಯನವರು ಜಂಕ್ಷನ್ ಕಬಡ್ಡಿ ಕ್ಲಬ್ಬಿನ ಪರವಾಗಿ ಒಂದು ದಿನವೂ ಆಡಿದವರಲ್ಲ. ಆದರೂ ಆ ಕ್ಲಬ್ಬು ಯಾರನ್ನು ತಗೊಂಡಿತು, ಯಾರನ್ನು ಬಿಟ್ಟಿತು ಎಂಬ ಸುದ್ದಿ ಹೊರಟರೆ ಜನ ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನು. ಅವರ ಪಂಚಾಯಿತಿ ನಡೆಯುತ್ತಿದ್ದದ್ದು ನಿಲ್ದಾಣದ ಎದುರಿನ ಬೋರಮ್ಮನ ಹೋಟೆಲಿನಲ್ಲಿ.

"ಗಂಡಸಿ ತಂಡದೋರು ಆ ಎಡಗೈ ಹುಡುಗನ್ನ ಸುಮ್ನೆ ಬಿಟ್ಕೊಡ್ತಾರಾ? ಅವನ ಹೆಗಲಲ್ಲಿ ಏನೋ ಐತೆ, ನೋಡ್ತಿರಿ" ಎನ್ನುವರು. ಎಷ್ಟೋ ಸಲ ಏನೋ ಇರುತ್ತಲೂ ಇತ್ತು.

ಹೊಸ ಹುಡುಗರನ್ನು ಅಳೆಯುವುದರಲ್ಲಂತೂ ಅವರದೇ ದಾರಿ. ಹೋಬಳಿ ಮಟ್ಟದ ಶಾಲಾ ಆಟಗಳಿಗೆ ರಜೆ ಹಾಕಿ ಹೋಗುತ್ತಿದ್ದರು. "ತೊಡೆ, ತೋಳು ಎಲ್ರೂ ನೋಡ್ತಾರೆ. ಔಟಾದ ಮೇಲೆ ಹುಡುಗ ಯಾರ ಮುಖ ನೋಡ್ತಾನೆ ಅಂತ ನೋಡ್ಬೇಕು. ಮೇಷ್ಟ್ರ ಮುಖ ನೋಡಿದ್ರೆ ಆಗಲ್ಲ. ತನ್ನನ್ನ ಹಿಡಿದವನ ಮುಖ ನೋಡಿದ್ರೆ ಅವನು ಆಟಗಾರ."

ಈ ಅನುಮಾನದ ಸ್ವಭಾವಕ್ಕೆ ಒಂದು ಬೇರಿತ್ತು. ಹೈಸ್ಕೂಲಿನಲ್ಲಿದ್ದಾಗ ಹನುಮಯ್ಯ ಶಾಲೆಯ ತಂಡದ ಒಳ್ಳೆಯ ರೈಡರ್. ತಾಲ್ಲೂಕು ಮಟ್ಟದ ಪಂದ್ಯದ ದಿನ ಹೆಸರು ಕೂಗುವಾಗ ಅವರ ಹೆಸರು ಬರಲಿಲ್ಲ. ಹೋಗಿ ಕೇಳಿದ್ದಕ್ಕೆ ಮೇಷ್ಟ್ರು ದನಿ ತಗ್ಗಿಸಿ, "ನಿನಗೆ ಜ್ವರ ಅಂತ ಹೇಳಿದೀವಿ ಕಣೋ, ಸುಮ್ನೆ ಕೂತ್ಕೊ" ಎಂದರು. ಕೇರಿಯ ಹುಡುಗನನ್ನು ಮೈ ತಾಗಿಸಿ ಹಿಡಿಯಲು ಎದುರು ತಂಡದವರು ಒಪ್ಪಿರಲಿಲ್ಲವೆಂದು ಆಮೇಲೆ ತಿಳಿಯಿತು. ಮೈಯಲ್ಲಿ ಒಂದಿಷ್ಟೂ ಬಿಸಿಯಿಲ್ಲದ ಹುಡುಗ ಟವೆಲು ಹೊದ್ದುಕೊಂಡು ಗೆರೆಯಾಚೆ ಕೂತು ಪಂದ್ಯ ನೋಡಿದ. ಮುಂದೆ ಓದಿ ಕೆಲಸ ಹಿಡಿದರು, ಮನೆಯಲ್ಲಿ ಬುದ್ಧನ ಪಟ ಬಂತು, ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಆದರೆ ಆಟಗಾರನೊಬ್ಬನಿಗೆ ಹುಷಾರಿಲ್ಲ ಎಂದು ಯಾರಾದರೂ ಹೇಳಿದರೆ ಅವರು ನಂಬುತ್ತಿರಲಿಲ್ಲ.

ಅರಸೀಕೆರೆಗೆ ಬ್ರಾಡ್‌ಗೇಜ್ ಬಂದ ಹೊಸದರಲ್ಲಿ ಜಂಕ್ಷನ್ ಕ್ಲಬ್ಬಿನ ಜೀವವೆಂದರೆ ಗಿಡ್ಡಪ್ಪ. ಹನುಮಯ್ಯನವರ ಕೇರಿಯವನೇ. ಹೆಸರಿಗೆ ತಕ್ಕ ಆಳು, ಆದರೆ ಎದುರಾಳಿಗಳ ಕಂಕುಳಡಿ ನುಸುಳಿ ಗೆರೆ ಮುಟ್ಟುತ್ತಿದ್ದ. ಆ ವರ್ಷ ಕ್ಲಬ್ಬಿನ ಯಜಮಾನಿಕೆ ನೋಡುತ್ತಿದ್ದ ತಿಮ್ಮಯ್ಯನವರು ಅವನನ್ನು ಬಿಕ್ಕೋಡು ತಂಡಕ್ಕೆ ಬಿಟ್ಟುಕೊಟ್ಟರು. ಬದಲಿಗೆ ಅಲ್ಲಿಂದ ಸುನಿಲ್ ಎಂಬ ಉದ್ದನೆಯ, ನಿಧಾನದ ಹುಡುಗ ಬಂದ. ರೈಡರುಗಳ ಕಾಲು ಹಿಡಿದು ನಿಲ್ಲಿಸುವುದರಲ್ಲಿ ಗಟ್ಟಿಗನಂತೆ. ಯಾರೂ ಅವನ ಹೆಸರು ಕೇಳಿರಲಿಲ್ಲ.

ತಿಮ್ಮಯ್ಯ ತೆಂಗಿನ ತೋಟವಿದ್ದ ರೈತರು. ಹನುಮಯ್ಯ ಅವರನ್ನು ಕೊಬ್ಬರಿ ಮಾರುಕಟ್ಟೆಯಲ್ಲೇ ಹಿಡಿದರು.

"ಗಿಡ್ಡಪ್ಪನ್ನ ಯಾಕೆ ಕಳಿಸಿದ್ರಿ ತಿಮ್ಮಯ್ಯನೋರೆ?"

ತಿಮ್ಮಯ್ಯ ಕೊಬ್ಬರಿ ಮೂಟೆಯ ಮೇಲಿಂದ ಎದ್ದು ನಿಂತರು. "ಅವನಿಗೆ ಒಸಿ ಹುಷಾರಿಲ್ಲ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಏನಾಗೈತೆ?"

"ಏನಿಲ್ಲ ಬಿಡಿ. ಬಿಕ್ಕೋಡಿನಲ್ಲಿ ಆಡ್ಲಿ ಒಂದ್ವರ್ಷ."

"ಜ್ವರಾನಾ?" ಎಂದು ಹನುಮಯ್ಯ ಕೇಳಿದರು. ತಿಮ್ಮಯ್ಯನವರಿಗೆ ಆ ಪ್ರಶ್ನೆಯ ಮೊನೆ ತಿಳಿಯಲಿಲ್ಲ. ಅವರು ತಲೆ ತಗ್ಗಿಸಿ ಮೂಟೆಯ ಬಾಯಿ ಹೊಲಿಯತೊಡಗಿದರು.

ಅಷ್ಟು ಸಾಕಾಯಿತು. ಮನೆಗೆ ಬಂದು ಹೆಂಡತಿ ದೇವೀರಮ್ಮನ ಮುಂದೆ ಹೇಳಿಕೊಂಡರು: ಮುಂದಿನ ವರ್ಷ ಗಿಡ್ಡಪ್ಪ ಕ್ಯಾಪ್ಟನ್ ಆಗಬೇಕಿತ್ತು, ಕೇರಿಯವನು ಆಗಬಾರದೆಂದೇ ಸಾಗಹಾಕಿದ್ದಾರೆ.

"ನೀವು ಕಂಡ್ರಾ?" ಎಂದರು ದೇವೀರಮ್ಮ.

"ಕಾಣೋದೇನೈತೆ? ಮುಖದಲ್ಲೇ ಇತ್ತು."

"ನಿಮ್ಗೆ ಹಾಲು ಬೆಳ್ಳಗಿದ್ರೂ ಅನುಮಾನ, ಕೆನೆ ಕಟ್ಟಿದ್ರೂ ಅನುಮಾನ. ಆ ಹುಡುಗನ್ನೇ ಒಂದ್ಮಾತು ಕೇಳ್ಬಾರ್ದಾ?"

ಅವರು ಕೇಳಲಿಲ್ಲ. ಬೋರಮ್ಮನ ಹೋಟೆಲಿನಲ್ಲಿ ಹೇಳಿದರು. ಮಾತು ಕೇರಿಗೆ ಹೋಯಿತು. ಕ್ಲಬ್ಬಿನಲ್ಲಿ ಆಡುತ್ತಿದ್ದ ಕೇರಿಯ ಹುಡುಗರು ಅಭ್ಯಾಸಕ್ಕೆ ಬರುವುದನ್ನು ಬಿಟ್ಟರು. ಬೇಲೂರಿನ ಟೂರ್ನಮೆಂಟಿಗೆ ತಿಮ್ಮಯ್ಯ ಅರ್ಧ ತಂಡವನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ, ಉಳಿದವರನ್ನು ಅಲ್ಲಿ ಇಲ್ಲಿ ಹಿಡಿದು ಆಡಿಸಿದರು. ಜಂಕ್ಷನ್ ಮೊದಲ ಪಂದ್ಯದಲ್ಲೇ ಸೋತಿತು. "ಗಿಡ್ಡಪ್ಪನ್ನ ಮಾರ್ಕೊಂಡೋರು ಯಾರು?" ಎಂದು ಅರಸೀಕೆರೆಯಿಂದ ಹೋಗಿದ್ದವರೇ ಕೂಗಿದರು. ತಿಮ್ಮಯ್ಯ ತಿರುಗಿ ನೋಡಲಿಲ್ಲ.

ಹನುಮಯ್ಯ ಅಲ್ಲೇ ಇದ್ದರು. ಆದರೆ ಅವರ ಕಣ್ಣು ಮುಂದಿನ ಪಂದ್ಯಕ್ಕೆ ನಿಂತಿದ್ದ ಬಿಕ್ಕೋಡು ತಂಡದ ಮೇಲಿತ್ತು. ಗಿಡ್ಡಪ್ಪ ಆಡಲಿಲ್ಲ. ಗೆರೆಯಾಚೆ ಕಾಲಿನವರೆಗೂ ಟವೆಲು ಹೊದ್ದು ಕೂತಿದ್ದ. ಹನುಮಯ್ಯ ಅಂದುಕೊಂಡರು: ಊರು ಬಿಡಿಸಿದ್ದೂ ಸಾಲದೆ ಅಲ್ಲೂ ಕೂರಿಸಿದ್ದಾರೆ. ಪಂದ್ಯ ಮುಗಿಯುವ ಮೊದಲೇ ಅವನು ಯಾರದೋ ಬೈಕಿನಲ್ಲಿ ಹೊರಟುಹೋದ, ಮಾತಾಡಲು ಸಿಗಲಿಲ್ಲ.

ಮುಂದಿನ ಭಾನುವಾರ ಅವರು ಬಸ್ಸು ಹತ್ತಿದರು. ಜಾವಗಲ್ಲು, ಹಳೇಬೀಡು ದಾಟಿ ಬೇಲೂರಿನಲ್ಲಿ ಇಳಿದು, ಎಸ್ಟೇಟಿಗೆ ಹೋಗುವ ಹೆಂಗಸರ ಜೊತೆ ಜೀಪಿನಲ್ಲಿ ಒತ್ತಿಕೊಂಡು ಬಿಕ್ಕೋಡಿಗೆ ಬಂದರು. ಗಿಡ್ಡಪ್ಪನಿಗೆ ಹೇಳಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದರು: ನಿನ್ನ ಬೆನ್ನಿಗೆ ನಾವಿದ್ದೇವೆ, ಹೆದರಬೇಡ, ಎಲ್ಲರೆದುರಿಗೇ ಕೇಳೋಣ.

ಗಿಡ್ಡಪ್ಪ ಇದ್ದದ್ದು ಮೂಳೆ ಕಟ್ಟುವ ಉಗ್ರಪ್ಪನವರ ಮನೆಯ ಜಗಲಿಯಲ್ಲಿ. ಬಲ ಮೊಣಕಾಲಿಗೆ ಸೊಪ್ಪು ಅರೆದು ಹಚ್ಚಿ, ಬಿದಿರ ದಬ್ಬೆಯಿಟ್ಟು ಕಟ್ಟಿದ್ದರು. ಹನುಮಯ್ಯನವರನ್ನು ಕಂಡು ಅವನು ಏಳಲು ಹೋದ, ಆಗಲಿಲ್ಲ.

"ಯಾವಾಗ ಆಯ್ತೋ ಇದು?"

"ಯುಗಾದಿ ಹಿಂದುಗಡೆ, ಹನುಮಣ್ಣ. ಅಭ್ಯಾಸದಾಗೆ ತಿರುಚ್ಕೊಂತು."

"ತಿಮ್ಮಯ್ಯನಿಗೆ ಗೊತ್ತಾ?"

"ಅವರೇ ಇಲ್ಲಿಗೆ ಕರ್ಕೊಂಬಂದಿದ್ದು. ಬರೋ ವರ್ಷ ಬ್ಯಾಸಗೇಲಿ ಸರ್ಕಾರಿ ಇಲಾಖೆ ಕೆಲಸಕ್ಕೆ ಆಟಗಾರರನ್ನ ಆರಿಸ್ತಾರೆ. ಮಂಡಿ ಹೋಗೈತೆ ಅಂತ ಗೊತ್ತಾದ್ರೆ ನನ್ನನ್ನ ಹತ್ರಾನೂ ಸೇರಿಸಲ್ಲ. ಅರಸೀಕೆರೇಲಿ ಇದ್ರೆ ಆಡು ಅಂತಾರೆ, ಆಡ್ದಿದ್ರೆ ಯಾಕೆ ಅಂತಾರೆ. ಇಲ್ಲಾದ್ರೆ ಹೊಸಬ, ಕೂರ್ಸವ್ರೆ ಅನ್ಕೊಂತಾರೆ."

ಹನುಮಯ್ಯ ಬಗ್ಗಿ ಮೊಣಕಾಲನ್ನು ಮುಟ್ಟಿ ನೋಡಿದರು. ಪಟ್ಟಿಯ ಅಂಚಿನಲ್ಲಿ ಊತ ಕಾಣುತ್ತಿತ್ತು. ಹಾಗೆ ಮುಟ್ಟಿ ನೋಡಿದ್ದಕ್ಕೆ ಅವರಿಗೇ ನಾಚಿಕೆಯಾಯಿತು.

"ನನಗೆ ಒಂದ್ಮಾತು ಹೇಳ್ಬಾರ್ದಿತ್ತೇನೋ?"

ಗಿಡ್ಡಪ್ಪ ನೆಲ ನೋಡಿದ. "ನಿಮಗೆ ಹೇಳಿದ್ರೆ ಬೋರಮ್ಮನ ಹೋಟ್ಲಿಗೆ ಹೇಳ್ದಂಗೆ ಅಂದ್ರು ಹನುಮಣ್ಣ. ತಿಮ್ಮಯ್ಯನೋರು ಅಂದಿದ್ದಲ್ಲ. ನಮ್ಮವ್ವ ಅಂದಿದ್ದು."

ವಾಪಸು ಬರುವಾಗ ಹನುಮಯ್ಯನವರಿಗೆ ತಾವು ಕಟ್ಟಿಕೊಂಡ ಗಂಟು ಪೂರ್ತಿ ಕಂಡಿತು. ನಿಜ ಹೇಳಿದರೆ ತಿಮ್ಮಯ್ಯನ ಮೇಲಿನ ಅಪವಾದ ಹೋಗುತ್ತದೆ, ಹುಡುಗನ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ತಾವು ಹಚ್ಚಿದ ಬೆಂಕಿ ಉರಿಯುತ್ತಲೇ ಇರುತ್ತದೆ. ಕೊನೆಗೆ ತೋಚಿದ್ದು ಒಂದೇ. ಕೇರಿಯ ಹುಡುಗರ ಮನೆಮನೆಗೆ ಹೋಗಿ ಆಡಲು ಹೋಗಿರೆಂದು ಹೇಳಿದರು.

"ಗಿಡ್ಡಪ್ಪನ್ನ ಸಾಗಹಾಕಿದ್ರು ಅಂದೋರೂ ನೀವೇ ಅಲ್ವಾ? ಈಗ ಏನಾಯ್ತು?"

"ನಾನು ತಪ್ಪು ತಿಳ್ಕೊಂಡಿದ್ದೆ."

"ಏನು ತಪ್ಪು?"

"ಅದನ್ನ ಕೇಳ್ಬೇಡಿ."

ಅನುಮಾನ ಹುಟ್ಟಲು ಇನ್ನೇನು ಬೇಕು? ಕೆಲವರು ಹೋದರು, ಕೆಲವರು ಹೋಗಲಿಲ್ಲ. ತಿಮ್ಮಯ್ಯನ ತೋಟದಿಂದ ಹನುಮಯ್ಯನ ಮನೆಗೆ ಕಾಯಿ ಬಂತಂತೆ ಎಂಬ ಮಾತು ಎದ್ದಿತು. ಬೋರಮ್ಮನ ಹೋಟೆಲಿಗೆ ಅವರು ಕಾಲಿಟ್ಟರೆ ಕಬಡ್ಡಿಯ ಮಾತು ನಿಂತು ಮಳೆಯ ಮಾತು ಶುರುವಾಗುತ್ತಿತ್ತು. ಒಂದು ದಿನ ಕಾಫಿಯ ಲೋಟ ಮುಂದಿಡುತ್ತಾ ಬೋರಮ್ಮ, "ಅಲ್ಲ ಹನುಮಯ್ಯನೋರೆ, ನಿಮ್ಮನ್ನೂ ಬಿಕ್ಕೋಡಿಗೆ ಕೊಟ್ಬುಟ್ರಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಅವರೂ ನಗಲು ನೋಡಿದರು. ಮಾತಿಲ್ಲದವನ ಮೇಲೆ ಎಷ್ಟು ಸಲೀಸಾಗಿ ಮಾತು ಹತ್ತಿಸಬಹುದೆಂದು ಅವರಿಗೆ ಅರ್ಥವಾದದ್ದು ಆಗಲೇ.

ಮರುವರ್ಷದ ಬೇಸಿಗೆಯಲ್ಲಿ ಆಯ್ಕೆ ನಡೆಯಿತು. ಗಿಡ್ಡಪ್ಪ ಮೊದಲಿನ ಹಾಗೆ ನುಸುಳಲಿಲ್ಲ, ಆದರೆ ಉಸಿರು ಬಿಡದೆ ನಿಂತು ಬೋನಸ್ ಅಂಕಗಳನ್ನು ತಂದ. ಕೆಲಸ ಸಿಕ್ಕಿತು. ಆ ಸುದ್ದಿ ಬಂದ ಬೆಳಿಗ್ಗೆ ಹನುಮಯ್ಯ ಪಾರ್ಸೆಲ್ ಆಫೀಸಿನ ಬಾಗಿಲು ಎಳೆದುಕೊಂಡು ನೇರ ಹೋಟೆಲಿಗೆ ಬಂದು, ಮಂಡಿ, ಉಗ್ರಪ್ಪ, ತಿಮ್ಮಯ್ಯ ಎಲ್ಲವನ್ನೂ ಬಿಡಿಸಿ ಹೇಳಿದರು. ಜನ ಕೇಳಿಸಿಕೊಂಡರು. ಮೂಲೆಯಿಂದ ಒಬ್ಬರು, "ಚೆನ್ನಾಗಿ ಹೇಳ್ಕೊಟ್ಟವ್ರೆ ಬಿಡಿ" ಎಂದರು.

ಹನುಮಯ್ಯನವರಿಗೆ ಸಿಟ್ಟು ಬರಲಿಲ್ಲ. ತಾವು ಆ ಮೂಲೆಯಲ್ಲಿ ಕೂತಿದ್ದರೆ ಹಾಗೇ ಅನ್ನುತ್ತಿದ್ದೆವು ಅನಿಸಿತು.

ಗಿಡ್ಡಪ್ಪನೇ ರಜೆಗೆ ಬಂದು ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದ ಮೇಲೆ ಊರು ಅರೆಬರೆ ನಂಬಿತು. ತಿಮ್ಮಯ್ಯನವರೊಡನೆ ಹನುಮಯ್ಯ ಆ ವಿಷಯ ಎತ್ತಲೇ ಇಲ್ಲ. ಮುಂದಿನ ಹಂಗಾಮಿಗೆ ಮೊದಲು ತಿಮ್ಮಯ್ಯನವರೇ ಪಾರ್ಸೆಲ್ ಆಫೀಸಿಗೆ ಬಂದು ಕಿಟಕಿಗೆ ಮೊಣಕೈ ಊರಿ ನಿಂತರು.

"ಗಂಡಸಿಯೋರು ಸುನಿಲನ್ನ ಕೇಳ್ತಾವ್ರೆ. ಇಬ್ಬರು ಹುಡುಗರನ್ನ ಕೊಡ್ತಾರಂತೆ. ಏನಂತೀರಿ?"

ಹನುಮಯ್ಯ ಕನ್ನಡಕ ತೆಗೆದರು. "ನನ್ನನ್ಯಾಕೆ ಕೇಳ್ತೀರಿ?"

"ಆಮೇಲೆ ಹೆಂಗೂ ಹೇಳ್ತೀರಲ್ಲ. ಮೊದ್ಲೇ ಹೇಳಿ."

ಹನುಮಯ್ಯನವರಿಗೆ ನಗು ಬಂತು, ಅದರ ಜೊತೆಗೇ ಈ ಮಾತಿನ ಹಿಂದೆ ಏನಿರಬಹುದೆಂಬ ಯೋಚನೆಯೂ ಬಂತು. ಅದನ್ನು ಬದಿಗಿಟ್ಟು, "ಕೊಡ್ಬೇಡಿ" ಎಂದರು. "ನಿಧಾನ ಅಂತ ಎಲ್ರೂ ಅಂತಾರೆ. ಅವನು ನಿಧಾನ ಅಲ್ಲ, ಕಾಯ್ತಾನೆ. ಇನ್ನೆರಡು ವರ್ಷ ಬಿಟ್ಟು ನೋಡಿ."

ತಿಮ್ಮಯ್ಯ ತಲೆಯಾಡಿಸಿ ಹೋದರು. ಸುನಿಲನನ್ನು ಕೊಡಲಿಲ್ಲ. ಭಾನುವಾರ ಹನುಮಯ್ಯ ಅಭ್ಯಾಸದ ಬಯಲಿಗೆ ಹೋದಾಗ ತಿಮ್ಮಯ್ಯ ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ಹನುಮಯ್ಯ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕೂತರು.